ರಿಂಗು ಹಾಕುವ ಮೊದಲು ಒಂದು ಪ್ಲಸ್ ಗುರುತು | ಹೊಲಿಗಿ ಡೈರಿ, ಭಾಗ 6

ಮೊದಲನೇ ಫೋಟೋ ನೋಡ್ರಿ. ಗುಳೇದಗುಡ್ಡದ ಖಣದ ಜಂಪರು, ಕೊರಳಿನ ಸುತ್ತ ಹೂವಿನ ಬಳ್ಳಿ. ನಾನು ದುಡ್ಡು ತಗೊಂಡು ಮಾಡಿದ ಮೊದಲ ಮಷಿನ್ ಎಂಬ್ರಾಯ್ಡರಿ ಇದು. ದೂರಿಂದ ನೋಡಿದ್ರ ಛಲೋ ಕಾಣಸ್ತೈತಿ. ಹತ್ತಿರ ಹೋಗಿ ನೋಡಿದ್ರ ಬಳ್ಳಿಯ ಎರಡೂ ಕಡೆ ಬಟ್ಟೆ ಸುಟ್ಟ ಹಪ್ಪಳದಂಗ ಮುದುಡೈತಿ.

ನಮ್ಮ ಕ್ಲಾಸಿನ ಬೀಳಗಿ ಗೆಳತಿ ತನ್ನ ಅಕ್ಕನ ಮದುವೆಗೆ ಅಂತ ಮಾಡಸಿದ್ದಳು. ಕೊಟ್ಟಾಗ ನೋಡಿ ನಕ್ಕು, "ಇಸ್ತ್ರಿ ಮಾಡಿದ್ರ ಸರಿ ಆಗತೈತಿ ಬಿಡ" ಅಂದಳು. ಮದುವೆ ಮುಗಿದ ಮೇಲೆ ಅವಳು ಇಲ್ಲೇ ಹಾಕಿದ ಫೋಟೋ ಎಲ್ಲಾ ಒಂದೊಂದಾಗಿ ನೋಡಿದೆ. ಒಂದರಲ್ಲೂ ಈ ಜಂಪರ ಇರಲಿಲ್ಲ. ಅವಳು ಏನೂ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಅದಾದ ಮೇಲೆ ಎರಡು ತಿಂಗಳು ಮಷಿನ್ ಮ್ಯಾಲಿನ ಹೊದಿಕೆ ತೆಗೀಲಿಲ್ಲ.

ತಪ್ಪು ಸೂಜಿದಲ್ಲ, ದಾರದ್ದೂ ಅಲ್ಲ. ಬಟ್ಟೆಯನ್ನು ರಿಂಗಿಗೆ ಹಾಕುವಾಗಲೇ ಕೆಲಸ ಕೆಟ್ಟಿತ್ತು.

ಒಂದು ವಿಡಿಯೋದಾಗ "ಬಟ್ಟೆ ಹಲಗಿಯಂಗ ಬಿಗಿ ಇರಬೇಕು, ಬಡಿದ್ರ ಢಂ ಅನಬೇಕು" ಅಂತ ಕೇಳಿದ್ದೆ. ಅದಕ್ಕೇ ರಿಂಗು ಹಾಕಿ, ತಿರುಪು ಬಿಗಿ ಮಾಡಿ, ಸುತ್ತಲೂ ಬಟ್ಟೆ ಹಿಡಿದು ಜಗ್ಗಿದೆ. ಮತ್ತೆ ತಿರುಪು, ಮತ್ತೆ ಜಗ್ಗೋದು. ಅದೂ ಜಂಪರ ಕತ್ತರಿಸಿದ ಮೇಲೆ! ಕೊರಳಿನ ಗುಂಡು ಭಾಗ ಅಂದ್ರ ಬಟ್ಟೆಯ ಓರೆ ಅಲ್ಲೇ ಬರತೈತಿ. ಓರೆಯಲ್ಲಿ ಜಗ್ಗಿದ್ರ ಎಂಥ ಗಟ್ಟಿ ಅರಿವಿನೂ ರಬ್ಬರಿನಂಗ ಹಿಗ್ಗತೈತಿ.

ಆ ಜಂಪರನ್ನು ಕಡೀಗೆ ಅಪ್ಪನಿಗೆ ತೋರಿಸಿದೆ. ನಮ್ಮದು ಬನಹಟ್ಟಿ. ನಮ್ಮ ಓಣಿಯಲ್ಲಿ ಮಗ್ಗದ ಖಟ್ ಖಟ್ ನಿಂತರೆ ಎಲ್ಲರೂ ಕರೆಂಟ್ ಹೋತು ಅಂತಾರ. ಅಪ್ಪ ಪವರ್‌ಲೂಮಿನಲ್ಲಿ ಸೀರಿ ನೇಯ್ದವನು, ಎಂಬ್ರಾಯ್ಡರಿ ಅವನಿಗೆ ಬರಂಗಿಲ್ಲ. ಜಂಪರ ಬೆಳಕಿಗೆ ಹಿಡಿದು, ಖಣದ ಸಣ್ಣ ಬುಟ್ಟಾಗಳ ಸಾಲಿನ ಮೇಲೆ ಬೆರಳಾಡಿಸಿದ. ನೆಟ್ಟಗೆ ಇರಬೇಕಾದ ಸಾಲು ಕೊರಳಿನ ಹತ್ತಿರ ಬಿಲ್ಲಿನಂಗ ಬಾಗಿತ್ತು.

"ಯವ್ವಾ, ಹಾಸು ಯಾವುದು, ಹೊಕ್ಕು ಯಾವುದು ನೋಡದ ಜಗ್ಗೀದಿ. ಬೀಮಿನ್ಯಾಗ ಎಳಿ ಭಾಳ ಬಿಗಿ ಇದ್ರ ಹರೀತಾವ, ಸಡಲ ಇದ್ರ ನೇಯ್ಗಿ ಕೂಡಂಗಿಲ್ಲ. ಜಗ್ಗೋದು ಬ್ಯಾರೆ, ನೆಟ್ಟಗ ಮಾಡೋದು ಬ್ಯಾರೆ."

ಆಮೇಲೆ ಕೂತು ಯೋಚಿಸಿದಾಗ ತಿಳೀತು. ಜಗ್ಗಿ ಹಿಗ್ಗಿಸಿದ ಬಟ್ಟೆಯ ಮೇಲೆ ಹೊಲಿಗಿ ಬೀಳತೈತಿ. ರಿಂಗು ತೆಗೆದ ಕೂಡಲೇ ಬಟ್ಟೆ ತನ್ನ ಮೊದಲಿನ ಅಳತೆಗೆ ವಾಪಸ್ ಹೋಗತೈತಿ, ಆದ್ರ ಹೊಲಿಗೆಯ ದಾರ ಹೋಗಂಗಿಲ್ಲ. ನಡುವೆ ಸಿಕ್ಕ ಬಟ್ಟೆ ಸುಕ್ಕಾಗತೈತಿ. ಆ ಸುಕ್ಕು ಇಸ್ತ್ರಿಗೆ ಹೋಗಂಗಿಲ್ಲ. ಹಂಗಂತ ಸಡಲ ಬಿಟ್ರೂ ಆಗಂಗಿಲ್ಲ. ಸೂಜಿ ಮೇಲೆ ಬರುವಾಗ ಬಟ್ಟೆಯೂ ಜೊತೆಗೆ ಏಳತೈತಿ. ಹೊಲಿಗಿ ತಪ್ಪತಾವ, ಕೆಳಗೆ ದಾರ ಗೂಡು ಕಟ್ಟತೈತಿ, ಸೂಜಿನೂ ಮುರೀತಾವ.

ಈಗ ನಾನು ಹಿಂಗ ಮಾಡತೀನಿ (ಫೋಟೋ 3ರಿಂದ 7, ಸ್ವೈಪ್ ಮಾಡ್ರಿ):

1. ಹತ್ತಿ ಬಟ್ಟೆ ಇದ್ರ ನೀರಾಗ ನೆನಸಿ, ಒಣಗಿಸಿ, ಇಸ್ತ್ರಿ ಮಾಡತೀನಿ. ಕುಗ್ಗೋದು ಮೊದಲೇ ಕುಗ್ಗಲಿ.

2. ಜಂಪರ ಮೊದಲು ಕತ್ತರಿಸಂಗಿಲ್ಲ. ಅಖಂಡ ಬಟ್ಟೆಯ ಮೇಲೆ ಚಾಕ್‌ನಿಂದ ಅಳತೆ ಬರೆದು, ಎಂಬ್ರಾಯ್ಡರಿ ಮುಗಿದ ಮೇಲೆ ಕತ್ತರಿ.

3. ಒಳಗಿನ ರಿಂಗಿಗೆ ಹಳೆ ಹತ್ತಿ ಬಟ್ಟೆಯ ಪಟ್ಟಿ ಸುತ್ತಿದ್ದೀನಿ. ಬಟ್ಟೆ ಜಾರಂಗಿಲ್ಲ, ರಿಂಗಿನ ಕಲೆಯೂ ಕಡಿಮೆ.

4. ಡಿಸೈನ್ ಬರುವ ಜಾಗದಲ್ಲಿ ಚಾಕ್‌ನಿಂದ ಒಂದು ದೊಡ್ಡ ಪ್ಲಸ್ ಗುರುತು. ಒಂದು ಗೆರೆ ಹಾಸಿನ ಎಳೆಯ ಗುಂಟ, ಇನ್ನೊಂದು ಹೊಕ್ಕಿನ ಗುಂಟ.

5. ಮೇಜಿನ ಮೇಲೆ ದೊಡ್ಡ ರಿಂಗು, ಅದರ ಮೇಲೆ ಬಟ್ಟೆ ಮುಖ ಮೇಲೆ ಮಾಡಿ, ಒಳಗೆ ಸಣ್ಣ ರಿಂಗು ಒತ್ತೋದು. ಕೈ ಕಸೂತಿಗೆ ಹಾಕೋದಕ್ಕ ಇದು ಉಲ್ಟಾ, ಯಾಕಂದ್ರ ಇಲ್ಲಿ ಬಟ್ಟೆ ಮಷಿನ್ ತಟ್ಟೆಗೆ ಅಂಟಿಕೊಂಡು ಕೂಡಬೇಕು. ಒತ್ತುವ ಮೊದಲೇ ತಿರುಪನ್ನು ಬಟ್ಟೆಯ ದಪ್ಪಕ್ಕೆ ಹೊಂದಿಸಿರಬೇಕು.

6. ಸಡಲ ಇದ್ದ ಕಡೆ ಎಳೆಯ ಗುಂಟ ಮಾತ್ರ, ಎದುರು-ಬದುರು, ಮೆಲ್ಲಗೆ ಸರಿ ಮಾಡೋದು. ಮೂಲೆ ಹಿಡಿದು ಓರೆಯಾಗಿ ಎಂದೂ ಜಗ್ಗಬ್ಯಾಡ್ರಿ. ಕಡೀಗೆ ತಿರುಪು ಬಿಗಿ. ತಿರುಪು ಬಿಗಿ ಆದ ಮೇಲೆ ಬಟ್ಟೆ ಮುಟ್ಟೋ ಹಂಗಿಲ್ಲ.

7. ಈಗ ಪ್ಲಸ್ ನೋಡ್ರಿ. ಎರಡೂ ಗೆರೆ ನೆಟ್ಟಗಿದ್ರ ಹೊಲೀರಿ. ಬಾಗಿದ್ರ ತೆಗೆದು ಮತ್ತೆ ಹಾಕ್ರಿ.

ತೆಳು ಅಥವಾ ಜಾರುವ ಬಟ್ಟೆ ಇದ್ರ ಕೆಳಗೆ ಪೇಪರ್ ಕ್ಯಾನ್ವಾಸ್ ಸೇರಿಸೇ ರಿಂಗು ಹಾಕ್ರಿ. ರಾತ್ರಿ ಕೆಲಸ ನಿಲ್ಲಿಸಿದ್ರ ರಿಂಗು ಬಿಚ್ಚಿ ಇಡ್ರಿ.

ಇಷ್ಟಕ್ಕೆ ಹತ್ತು ನಿಮಿಷ ಬೇಕು. ಮೊದಲು ಆ ಹತ್ತು ನಿಮಿಷ ಉಳಿಸಾಕ ಹೋಗಿ, ಒಬ್ಬಾಕಿಯ ಮದುವಿ ಜಂಪರ ಕೆಡಿಸಿದೆ.

ಕಡೇ ಫೋಟೋ ಹೋದ ವಾರದ್ದು. ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ಅದೇ ಬೀಳಗಿ ಗೆಳತಿ ಸಿಕ್ಕಳು. ಈ ಸಲ ನಾನೇ ಬಾಯಿ ಬಿಟ್ಟೆ. "ಆ ಜಂಪರ ನಾ ಕೆಡಿಸಿದ್ದೆ. ಹೊಸ ಖಣ ನಾನೇ ತರತೀನಿ, ಇನ್ನೊಂದು ಮಾಡಿಕೊಡ್ಲಾ?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಖಣ ನಾ ತರತೀನಿ. ನೀ ಈ ಸಲ ನೆಟ್ಟಗ ಮಾಡ" ಅಂದಳು.

ಫೋಟೋದಲ್ಲಿ ಇರೋದು ಆ ಹೊಸ ಖಣ. ಇನ್ನೂ ಒಂದು ಹೊಲಿಗಿನೂ ಬಿದ್ದಿಲ್ಲ, ಬರೇ ಪ್ಲಸ್ ಗುರುತು ಐತಿ. ಬುಟ್ಟಾ ಸಾಲು ನೆಟ್ಟಗಿದಾವೋ ಇಲ್ಲೋ ಝೂಮ್ ಮಾಡಿ ನೋಡಿ ಹೇಳ್ರಿ. ಅಪ್ಪನಿಗೂ ತೋರಿಸಿದ್ದೀನಿ, "ಹೂಂ" ಅಂದಾನ.

ಮುಧೋಳ, ರಬಕವಿ ಕಡೆ ಮನ್ಯಾಗ ಹೊಲಿಯುವ ಗೆಳತ್ಯಾರು ಇದನ್ನ ಸೇವ್ ಮಾಡಿಕೊಳ್ರಿ. ನೀವು ಕೆಡಿಸಿದ ಮೊದಲ ಬಟ್ಟೆ ಯಾವುದು, ಕಾಮೆಂಟಿನಲ್ಲಿ ಬರೀರಿ. ನಾ ಒಬ್ಬಾಕೀನ ಅಲ್ಲ ಅಂತ ನನಗೂ ಗೊತ್ತಾಗಲಿ.

ಭಾಗ 7: ಕೆಳಗಿನ ದಾರ ಯಾಕೆ ಮೇಲೆ ಬರತೈತಿ?

#ಹೊಲಿಗಿಡೈರಿ #ಬನಹಟ್ಟಿ #ಖಣ #ಮಷಿನ್‌ಎಂಬ್ರಾಯ್ಡರಿ