ನಾನು ಜೀಪು ಕೊಂಡದ್ದು

ಮನುಷ್ಯನಾಗಿ ಹುಟ್ಟಿದವನು ಹಲವು ಪರೀಕ್ಷೆಗಳಿಗೆ ಕೂಡಬೇಕಾಗುತ್ತದೆ. ಅವುಗಳಲ್ಲೆಲ್ಲ ಎಂ. ಎ. ಪರೀಕ್ಷೆಯೇ ಅತ್ಯಂತ ಸುಲಭವಾದುದೆಂದು ನನಗೆ ಮನವರಿಕೆಯಾಗಿದೆ. ಹಳಗನ್ನಡದ ಕಠಿಣವಾದ ಕಂದಪದ್ಯವೊಂದನ್ನು ಮುಂದಿಟ್ಟು ಅರ್ಥ ಹೇಳೆಂದರೆ ನಾನು ಹಿಂಜರಿಯುವವನಲ್ಲ. ಆದರೆ ಮೂವರು ಯಜಮಾನರ ಕೈ ದಾಟಿ ಬಂದ ಜೀಪೊಂದನ್ನು ಎದುರಿಗೆ ನಿಲ್ಲಿಸಿ, "ನೋಡಿ ಸ್ವಾಮಿ, ಹೇಗಿದೆ?" ಎಂದು ಕೇಳಿದಾಗ ನನ್ನ ವಿದ್ವತ್ತೆಲ್ಲ ನಡುಬೀದಿಯಲ್ಲಿ ಬಾಯಿ ಬಿಟ್ಟು ನಿಂತಿತು.

ಕನ್ನಡ ಮೇಷ್ಟರಿಗೆ ಜೀಪೇಕೆಂದು ನೀವು ಕೇಳಬಹುದು. ಶಿವಮೊಗ್ಗೆಯ ನನ್ನ ಸಹೋದ್ಯೋಗಿಗಳೂ ಕೇಳಿದರು. "ಶಿಕಾರಿಗೆ ಹೊರಟಿರೋ?" ಎಂದು ಒಬ್ಬರು ನಕ್ಕರು. ನನ್ನಾಕೆ ನಗಲಿಲ್ಲ. ಹೊಸದೊಂದು ಚಿಕ್ಕ ಕಾರಿಗೆಂದು ನಾವಿಬ್ಬರೂ ನಾಲ್ಕು ವರ್ಷ ಕೂಡಿಟ್ಟ ಹಣ ಅದು; ಕಾರಿನ ಬಣ್ಣವನ್ನು ಕೂಡ ಆಕೆ ಆರಿಸಿಯಾಗಿತ್ತು.

ಕಾರಣ ನನ್ನ ಅಪ್ಪಯ್ಯ. ನಮ್ಮ ಮೂಲಮನೆ ಹೊಸನಗರ ತಾಲ್ಲೂಕಿನ ನಗರದಿಂದಾಚೆ, ಡಾಂಬರು ರಸ್ತೆ ಬಿಟ್ಟು ಮೂರೂವರೆ ಕಿಲೋಮೀಟರು ಒಳಗಿದೆ. ನಡುವೆ ಒಂದು ಕೆಮ್ಮಣ್ಣಿನ ಏರು, ಒಂದು ಹಳ್ಳ. ಬೇಸಗೆಯಲ್ಲಿ ಅದು ದಾರಿ. ಮಳೆಗಾಲದಲ್ಲಿ ಅದನ್ನು ದಾರಿಯೆನ್ನುವುದು ಕೇವಲ ವಾಡಿಕೆ. 2021 ರ ಪುಷ್ಯ ಮಳೆಯಲ್ಲಿ, ಒಂದು ಬೆಳಗಿನ ಜಾವ ಅಪ್ಪಯ್ಯನಿಗೆ ಎದೆನೋವು ಕಾಣಿಸಿಕೊಂಡಿತು. ಬಾಡಿಗೆ ಕಾರು ಏರಿನ ಬುಡದಲ್ಲೇ ಹೂತುಕೊಂಡಿತು. ಕೊನೆಗೆ ನೆರೆಹೊರೆಯ ನಾಲ್ವರು ಬಿದಿರಿಗೆ ಕಂಬಳಿಯ ಜೋಲಿ ಕಟ್ಟಿ ಅವರನ್ನು ಹೊತ್ತು ತಂದರು. ಆಸ್ಪತ್ರೆಯಲ್ಲಿ ವೈದ್ಯರು, ನೋವು ಬಂದುದು ಎಷ್ಟು ಗಂಟೆಗೆ, ಇಲ್ಲಿಗೆ ತಲುಪಿದ್ದು ಎಷ್ಟು ಗಂಟೆಗೆ ಎಂದು ವಿಚಾರಿಸಿದರು. ಐದು ಗಂಟೆಗಳ ಅಂತರ. ಅದನ್ನು ಕಾಗದದ ಮೇಲೆ ಬರೆದುಕೊಂಡರು, ಮರುಮಾತಾಡಲಿಲ್ಲ. ಆ ಮೌನವನ್ನು ನಾನು ಇಂದಿಗೂ ಮರೆತಿಲ್ಲ.

ಗುಣವಾದ ಮೇಲೆ, "ಶಿವಮೊಗ್ಗೆಗೆ ಬಂದುಬಿಡಿ ಅಪ್ಪಯ್ಯ" ಎಂದು ಅಂಗಲಾಚಿದೆ.

"ಬರಬಹುದು. ತೋಟವನ್ನು ಯಾರ ಜೋಲಿಯಲ್ಲಿ ಹೊತ್ತು ತರುತ್ತೀಯೆ?" ಎಂದರು ಅವರು.

ಮಾತು ಅಲ್ಲಿಗೆ ಮುಗಿಯಿತು. ಅಪ್ಪಯ್ಯ ರಸ್ತೆಗೆ ಬರುವುದಿಲ್ಲವಾದರೆ, ರಸ್ತೆಯಿಲ್ಲದಲ್ಲಿಗೆ ಹೋಗಬಲ್ಲ ವಾಹನವೊಂದು ಅವರ ಅಂಗಳದಲ್ಲಿ ನಿಂತಿರಬೇಕು. ಓಡಿಸುವುದಕ್ಕೆ ಊರಲ್ಲಿ ತಮ್ಮನಿದ್ದಾನೆ. ಉಳಿದ ದಿನಗಳಲ್ಲಿ ಅದೇ ವಾಹನ ಹಿಂದೆ ಟ್ರೈಲರು ಕಟ್ಟಿಕೊಂಡು ಗೊಬ್ಬರ, ಸೊಪ್ಪು, ಅಡಿಕೆ ಎಳೆದು ತನ್ನ ಅನ್ನವನ್ನು ತಾನೇ ದುಡಿದುಕೊಳ್ಳಲಿ ಎಂಬುದು ನನ್ನ ಲೆಕ್ಕಾಚಾರ.

ಮೊದಲು ಕಂಡದ್ದು ಶಿವಮೊಗ್ಗೆಯಲ್ಲೇ ಇದ್ದ ಒಂದು ಕೆಂಪು ಜೀಪು. ಅದರ ಹೊಳಪೇನು, ದಪ್ಪ ದಪ್ಪ ಟಯರುಗಳೇನು, ನೆತ್ತಿಯ ಮೇಲಿನ ನಾಲ್ಕು ದೀಪಗಳೇನು! ಮದುವಣಗಿತ್ತಿಯಂತೆ ನಿಂತಿತ್ತು. ಗೇರಿನ ಪಕ್ಕದ ಪುಟ್ಟ ಲಿವರನ್ನು ಮುಂದಕ್ಕೂ ಹಿಂದಕ್ಕೂ ಆಡಿಸಿ, "ನಾಲ್ಕು ಚಕ್ರದ ಎಳೆತ, ಸ್ವಾಮಿ" ಎಂದರು ಮಾರುವವರು. ನಾನು ಮುಂಗಡ ಕೊಡಲು ಜೇಬಿಗೆ ಕೈ ಹಾಕಿದ್ದೆ. ಪುಣ್ಯಕ್ಕೆ ನಮ್ಮೂರ ಕಡೆಯ ಮೇಸ್ತ್ರಿಗಳೊಬ್ಬರನ್ನು ಜತೆಗೆ ಕರೆದೊಯ್ದಿದ್ದೆ. ಅವರು ಬಣ್ಣದ ಕಡೆ ಕಣ್ಣೆತ್ತಿಯೂ ನೋಡದೆ ಗೋಣಿಚೀಲ ಹಾಸಿ ಜೀಪಿನ ಅಡಿಗೆ ನುಸುಳಿದರು. ಎರಡು ನಿಮಿಷದಲ್ಲಿ ಹೊರಬಂದು ನನ್ನನ್ನು ಪಕ್ಕಕ್ಕೆ ಕರೆದರು.

"ಮೇಷ್ಟ್ರೇ, ಇದಕ್ಕೆ ಮುಂದಿನ ಶಾಫ್ಟೇ ಇಲ್ಲ."

ಎಂಜಿನ್ನಿನ ಶಕ್ತಿ ಗೇರುಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ ಬಂದು, ಅಲ್ಲಿಂದ ಎರಡು ಉದ್ದನೆಯ ಶಾಫ್ಟುಗಳ ಮೂಲಕ ಹಿಂದಿನ ಅಚ್ಚಿಗೂ ಮುಂದಿನ ಅಚ್ಚಿಗೂ ಹರಿಯುತ್ತದೆ. ಡೀಸೆಲ್ ಉಳಿಯಲೆಂದೋ, ರಿಪೇರಿಗೆ ಬೇಸತ್ತೋ ಕೆಲವರು ಮುಂದಿನದನ್ನು ಬಿಚ್ಚಿಬಿಡುತ್ತಾರಂತೆ. ಆಮೇಲೆ ಲಿವರು ಆಡುತ್ತದೆ, ಚಕ್ರ ಎಳೆಯುವುದಿಲ್ಲ. ಪ್ರಕೃತಿಯೇ ಲೋಪವಾಗಿ ಪ್ರತ್ಯಯವೊಂದೇ ಉಳಿದ ಪದದಂತೆ! ಇದೂ ಸಾಲದೆಂಬಂತೆ ಚಾಸಿಯಲ್ಲಿ ಬೆಸುಗೆಯ ಗುರುತುಗಳಿದ್ದುವು. ಅವುಗಳ ಮೇಲೆ ಹೊಸ ಕಪ್ಪು ಬಣ್ಣ ಬಳಿದಿತ್ತು.

ಎರಡನೆಯ ಜೀಪು ಸಿಕ್ಕಿದ್ದು 2022 ರ ಜನವರಿಯಲ್ಲಿ, ಕೊಪ್ಪದ ಕಡೆಯ ಕಾಫಿ ತೋಟವೊಂದರಲ್ಲಿ. 1996 ರ ಮಹೀಂದ್ರ ಎಂ. ಎಂ. 540. ಮಹೀಂದ್ರದವರು ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದ್ದು 1947 ರಲ್ಲಿ. ಆ ವಂಶದ ಕುಡಿಯೇ ಇದು. ಪೂಷೋ ವಿನ್ಯಾಸದ 2112 ಸಿ. ಸಿ. ಡೀಸೆಲ್ ಎಂಜಿನ್ನು ಇದರದು. ಬಣ್ಣ ಹಸಿರೋ ಬೂದಿಯೋ ಹೇಳುವಂತಿರಲಿಲ್ಲ. ಸೀಟಿನ ಹೊಟ್ಟೆಯಿಂದ ನಾರು ಹೊರಬಂದಿತ್ತು. ನನಗೆ ನಿರಾಶೆಯಾಯಿತು. ಮೇಸ್ತ್ರಿಗಳ ಮುಖ ಮಾತ್ರ ಅರಳಿತು.

ಅವರು ಪರೀಕ್ಷಿಸಿದ ಬಗೆಯನ್ನು ನನ್ನಂಥವರ ಉಪಯೋಗಕ್ಕಾಗಿ ಬರೆದಿಡುತ್ತೇನೆ. ಚಾಸಿಯನ್ನು ಸ್ಪ್ಯಾನರಿನಿಂದ ಉದ್ದಕ್ಕೂ ಬಡಿದು ಕಿವಿಗೊಟ್ಟರು: ಗಟ್ಟಿ ಕಬ್ಬಿಣ ಠಣ್ಣೆನ್ನುತ್ತದೆ, ತುಕ್ಕು ತಿಂದದ್ದು ಒಡಕು ದನಿ ಕೊಡುತ್ತದೆ. ಅದರ ಮೇಲಿನ ಅಂಕಿಯನ್ನೂ ಎಂಜಿನ್ನಿನ ಅಂಕಿಯನ್ನೂ ನೋಂದಣಿ ಪುಸ್ತಕದೊಡನೆ ಹೋಲಿಸಿದರು. ಎಂಜಿನ್ನು ಓಡುತ್ತಿರುವಾಗಲೇ ಎಣ್ಣೆಯ ಮುಚ್ಚಳ ತೆಗೆದರು. ಅಲ್ಲಿಂದ ಹೊಗೆ ರಭಸವಾಗಿ ನುಗ್ಗಿದರೆ ಎಂಜಿನ್ನಿನ ಒಳಗು ಸವೆದಿದೆಯೆಂದು ಅರ್ಥ. ಹಿಂದಿನ ಕೊಳವೆಯಲ್ಲಿ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆಯೆಂದು ಲೆಕ್ಕ. ಅಚ್ಚಿನ ಎಣ್ಣೆ ಹಾಲುಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಕೊನೆಗೆ ಹಿಂದಿನ ಚಕ್ರಗಳನ್ನು ಕೆಸರಿಗಿಳಿಸಿ ಸಣ್ಣ ಲಿವರನ್ನು ಎಳೆದರು. ಮುಂದಿನ ಚಕ್ರಗಳು ನೆಲ ಕಚ್ಚಿ ಇಡೀ ಗಾಡಿಯನ್ನು ಮೇಲಕ್ಕೆಳೆದುಕೊಂಡವು. ಇಳಿಜಾರಿನಲ್ಲಿ ಲೋ ಗೇರು ಹಾಕಿ ಬ್ರೇಕಿನಿಂದ ಕಾಲು ತೆಗೆದರೆ, ಜೀಪು ಗರ್ಭಿಣಿಯಂತೆ ಮೆಲ್ಲಮೆಲ್ಲನೆ ಇಳಿಯಿತು. ಗೇರು ತಾನಾಗಿ ಕಳಚಿಕೊಳ್ಳಲಿಲ್ಲ.

ಎರಡು ಲಕ್ಷ ನಲವತ್ತು ಸಾವಿರಕ್ಕೆ ವ್ಯಾಪಾರ ಕುದುರಿತು. 29 ಮತ್ತು 30 ನೆಯ ನಮೂನೆಗಳಿಗೆ ಸಹಿ ಬಿದ್ದು, ಹೆಸರೂ ವಿಮೆಯೂ ನನಗೆ ವರ್ಗವಾದವು. ಖಾಸಗಿ ವಾಹನಕ್ಕೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ನಿಲ್ಲಿಸಿ ನೋಂದಣಿ ನವೀಕರಿಸಬೇಕು. ಅದಾಗಿದೆಯೇ ಎಂಬುದನ್ನೂ ನೋಡಿಕೊಂಡೆ. "ಒಣ ಡಾಂಬರಿನ ಮೇಲೆ ನಾಲ್ಕು ಚಕ್ರ ಹಾಕಬೇಡಿ" ಎಂದು ಮೇಸ್ತ್ರಿಗಳು ಎಚ್ಚರಿಸಿದರು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಕೆಸರಿನಲ್ಲಾದರೆ ಅಷ್ಟಿಷ್ಟು ಜಾರಿ ಸರಿಹೋಗುತ್ತದೆ, ಗಟ್ಟಿ ರಸ್ತೆಯಲ್ಲಿ ಆ ಜಗಳವೆಲ್ಲ ಗೇರುಗಳ ಹಲ್ಲಿನ ಮೇಲೆ ಬೀಳುತ್ತದೆ.

ಟ್ರೈಲರಿನ ಪಾಠವನ್ನು ಮಾತ್ರ ನಾನು ಕಷ್ಟಪಟ್ಟೇ ಕಲಿತೆ. ಬೇಸಗೆ ರಜೆಯಲ್ಲಿ ಉತ್ಸಾಹದಿಂದ ಗೊಬ್ಬರದ ಚೀಲಗಳನ್ನೆಲ್ಲ ಟ್ರೈಲರಿನ ಹಿಂಭಾಗದಲ್ಲಿ ಪೇರಿಸಿದೆ. ಇಳಿಜಾರಿನಲ್ಲಿ ಅದು ಹಾವಿನ ಬಾಲದಂತೆ ಬಳುಕಿ ಜೀಪನ್ನೇ ಎಳೆದಾಡಿತು. ತಮ್ಮ ಮಾತಾಡದೆ ಅರ್ಧ ಚೀಲಗಳನ್ನು ಅಚ್ಚಿನ ಮುಂದಕ್ಕೆ ಸರಿಸಿದ. ಒಟ್ಟು ಭಾರದ ಹತ್ತನೆಯ ಒಂದು ಪಾಲಾದರೂ ಕೊಕ್ಕೆಯ ಮೇಲೆ ಕೂತಿರಬೇಕು. ಆ ಕೊಕ್ಕೆ ಬಂಪರಿಗಲ್ಲ, ಚಾಸಿಗೆ ಬಿಗಿದಿರಬೇಕು. ಎಳೆಯುವುದಕ್ಕಿಂತ ನಿಲ್ಲಿಸುವುದೇ ಕಷ್ಟವೆಂಬ ತತ್ತ್ವವೂ ಅಂದೇ ಹೊಳೆಯಿತು.

ಆ ತತ್ತ್ವದ ಪೂರ್ಣಾರ್ಥ ತಿಳಿಯಲು 2023 ರ ಜುಲೈ ಬರಬೇಕಾಯಿತು. ನಾನು ಊರಲ್ಲಿದ್ದೆ. ರಾತ್ರಿ ಒಂಬತ್ತರ ಹೊತ್ತಿಗೆ ಅಪ್ಪಯ್ಯ ಎದೆ ಹಿಡಿದುಕೊಂಡರು. ವೈದ್ಯರು ಹೇಳಿದ್ದ ಮಾತ್ರೆ ಕೊಟ್ಟು, ಅವರನ್ನು ಮುಂದೆ ಕೂರಿಸಿಕೊಂಡು ಹೊರಟೆವು. ತಮ್ಮನೇ ಓಡಿಸುತ್ತಿದ್ದ. ಕೆಮ್ಮಣ್ಣಿನ ಏರನ್ನು ಜೀಪು ನಾಲ್ಕು ಕಾಲೂರಿ ಹತ್ತಿತು. ಆದರೆ ಹಳ್ಳದ ಬಳಿ ಬಂದಾಗ ದೀಪದ ಬೆಳಕಿನಲ್ಲಿ ಕಂಡದ್ದು ಕೆಂಪು ನೀರಿನ ಓಟ.

"ಹೋಗೋ, ನಾಲ್ಕು ಚಕ್ರ ಇದೆಯಲ್ಲ!" ಎಂದು ನಾನು ಹಿಂದಿನಿಂದ ಕೂಗಿದೆ. ಐದು ಗಂಟೆಗಳ ಆ ಕಾಗದ ನನ್ನ ಕಣ್ಣ ಮುಂದಿತ್ತು.

ತಮ್ಮ ಗೇರಿನ ಮೇಲೆ ಕೈಯಿಟ್ಟ. ಅಪ್ಪಯ್ಯ ಆ ಕೈಯನ್ನು ಹಿಡಿದುಕೊಂಡರು.

"ನಿಲ್ಲಿಸು ಮಗು. ಬಸವನಕಲ್ಲಿನ ತಲೆ ಕಾಣುತ್ತಿಲ್ಲ. ಅದು ಕಾಣುವವರೆಗೆ ಎತ್ತಿನ ಗಾಡಿಯನ್ನೂ ನಾನು ಇಳಿಸಿದವನಲ್ಲ."

ನಲವತ್ತು ನಿಮಿಷ ಕುಳಿತೆವು. ಅಷ್ಟು ದೀರ್ಘವಾದ ನಲವತ್ತು ನಿಮಿಷಗಳನ್ನು ನಾನು ಬದುಕಿನಲ್ಲಿ ಕಂಡಿಲ್ಲ. ಅಪ್ಪಯ್ಯನ ಉಸಿರನ್ನು ಎಣಿಸುತ್ತಿದ್ದೆ. ಮಳೆ ಹಿಡಿಯಿತು, ಮಲೆನಾಡಿನ ಹಳ್ಳ ಏರುವಷ್ಟೇ ಬೇಗ ಇಳಿಯುತ್ತದೆ. ಕಡೆಗೆ ನೀರಿನ ನಡುವೆ ಕಪ್ಪಗೆ ಕಲ್ಲಿನ ನೆತ್ತಿ ಮೂಡಿತು. ಲೋ ಗೇರಿನಲ್ಲಿ, ಒಂದೇ ಹದದಲ್ಲಿ, ಎಲ್ಲೂ ನಿಲ್ಲದೆ ದಾಟಿದೆವು. ಹರಿಯುವ ನೀರು ಎರಡಡಿ ಆಳವಿದ್ದರೆ ಜೀಪಿನಂಥ ವಾಹನವನ್ನೂ ಕೊಚ್ಚಿಕೊಂಡು ಹೋಗಬಲ್ಲುದೆಂದು ಆಮೇಲೆ ಓದಿ ತಿಳಿದೆ. ನಾಲ್ಕು ಚಕ್ರದ ಎಳೆತ ನೆಲದ ಮೇಲಿನ ಹಿಡಿತದ ಮಾತು. ಗಾಡಿಯೇ ತೇಲಿದರೆ ನಾಲ್ಕು ಚಕ್ರವೇನು, ನಲವತ್ತಿದ್ದರೂ ಒಂದೇ.

ಆಸ್ಪತ್ರೆಯಲ್ಲಿ ಮತ್ತೆ ಅದೇ ಪ್ರಶ್ನೆ: ನೋವು ಬಂದುದು ಎಷ್ಟು ಗಂಟೆಗೆ, ತಲುಪಿದ್ದು ಎಷ್ಟು ಗಂಟೆಗೆ? ಎರಡು ಗಂಟೆ. ವೈದ್ಯರು ಬರೆದುಕೊಂಡು ತಲೆಯೆತ್ತಿ, "ಬೇಗ ಬಂದಿರಿ" ಎಂದರು.

ಅಪ್ಪಯ್ಯ ಈಗ ತೋಟದಲ್ಲಿದ್ದಾರೆ. ಜೀಪು ಅಂಗಳದ ಮಾಡಿನ ಕೆಳಗಿದೆ. ನನ್ನಾಕೆಯ ಕಾರು ಇನ್ನೂ ಬಂದಿಲ್ಲ, ಆದರೆ ಕಳೆದ ದೀಪಾವಳಿಯಲ್ಲಿ ಊರಿಗೆ ಹೋದಾಗ ಆಕೆ ತಾನಾಗಿಯೇ ಜೀಪಿಗೆ ಕುಂಕುಮವಿಟ್ಟು ಹೂ ಮುಡಿಸಿ, "ರೀ, ಇದರ ಸೀಟನ್ನಾದರೂ ಹೊಲಿಸಬಾರದೇ?" ಎಂದಳು. ಹೊಲಿಸಿದ್ದೇನೆ, ಬಣ್ಣ ಮಾತ್ರ ಹಾಗೆಯೇ ಇದೆ.