ಕಣಕುಂಬಿಯ ಕಟ್ಟೆಯ ಮೇಲೆ ಕಾಲೇಜಿನ ಮಾತು

ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟಿನ ಕಡೆ ಹೋಗುವ ದಾರಿಯಲ್ಲಿ, ಸುಮಾರು 40 ಕಿಲೋಮೀಟರ್ ದೂರದಲ್ಲಿ ಕಣಕುಂಬಿ ಇದೆ. ಖಾನಾಪುರ ತಾಲ್ಲೂಕಿನ ಕಾಡಿನ ಊರು. ಮೊಮ್ಮಗಳು ಪಿಯುಸಿ ಪಾಸಾದಳೆಂದು ಮಾವುಲಿ ದೇವಿಗೆ ಕಾಯಿ ಒಡೆಸಲು ನಾವಿಬ್ಬರೇ ಹೋಗಿದ್ದೆವು. ಆಗಲೇ ಮಳೆ ಹಿಡಿದಿತ್ತು. ಅವಳ ಚೀಲದಲ್ಲಿ ಛತ್ರಿಯ ಜೊತೆ ಒಂದು ಖಾಸಗಿ ಕಾಲೇಜಿನ ಬಣ್ಣದ ಪುಸ್ತಿಕೆಯೂ ಇತ್ತು. 'ಕ್ಲಿನಿಕಲ್ ಸೈಕಾಲಜಿ'ಯಲ್ಲಿ ಪದವಿ, ಮೂರು ವರ್ಷ. ಫೀಜು ನೋಡಿ ನನಗೆ ಕನ್ನಡಕ ಒರೆಸಿಕೊಳ್ಳಬೇಕಾಯಿತು.

ದೇವಸ್ಥಾನದ ಕಟ್ಟೆಯ ಮೇಲೆ ಕೂತು ಕೇಳಿದೆ: "ಇದು ಮುಗಿದ ಮ್ಯಾಲೆ ಬೋರ್ಡ್ ಹಾಕ್ಕೊಂಡು ಕೂಡಬಹುದೇನವ್ವಾ?"

"ಇಲ್ಲಜ್ಜಾ. ಆಮ್ಯಾಲೆ ಎಂಎ ಮಾಡಬೇಕು. ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಕಡೆ ತರಬೇತಿ ತಗೋಬೇಕು. ಆ ರಿಜಿಸ್ಟರಿನಾಗ ಹೆಸರು ಬಂದರ ಮಾತ್ರ."

ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಪಾಸ್‌ಬುಕ್ಕಿನ ಹೊದಿಕೆ ನೋಡುವ ಅಭ್ಯಾಸವಿಲ್ಲ. ಪುಸ್ತಿಕೆಯಲ್ಲಿ ಲಿಫ್ಟಿನ ಚಿತ್ರವಿತ್ತು, ಕ್ಯಾಂಟೀನಿನ ಚಿತ್ರವಿತ್ತು. ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದೆಂಬುದು ಮಾತ್ರ ಇರುವೆಯಂಥ ಅಕ್ಷರದಲ್ಲಿತ್ತು. ಹಿಂದಿನ ದಿನ ಫೋನು ಮಾಡಿ ಕೇಳಿದ್ದೆ: ಮನಃಶಾಸ್ತ್ರಕ್ಕೆ ಕಾಯಂ ಪ್ರಾಧ್ಯಾಪಕರು ಎಷ್ಟು ಜನ? ಪ್ರಯೋಗಾಲಯ ಇದೆಯೇ? "ಮೊದಲು ಸೀಟು ಬುಕ್ ಮಾಡಿ ಸರ್" ಎಂದರು.

ಬಿಕಾಂ ಮಾಡು ಅಂತ ಹೇಳಲು ನಾಲಿಗೆಯ ತುದಿಗೆ ಬಂದಿತ್ತು. ನಮ್ಮಪ್ಪ ನನಗೆ ಹಾಗೆಯೇ ಹೇಳಿದ್ದರು. ಆದರೆ ಹೋದ ವರ್ಷ ಇವಳ ಅಜ್ಜಿ ತೀರಿಕೊಂಡಾಗ ನಾನು ತಿಂಗಳುಗಟ್ಟಲೆ ಯಾರೊಂದಿಗೂ ಮಾತಾಡಿರಲಿಲ್ಲ. ಬಂದವರೆಲ್ಲ ಸಮಾಧಾನ ಹೇಳಿ ಹೋದರು. ಇವಳೊಬ್ಬಳು ದಿನಾ ಸಂಜೆ ಪಕ್ಕದಲ್ಲಿ ಬಂದು ಕೂರುತ್ತಿದ್ದಳು. ಒಮ್ಮೆಯೂ 'ಅಳಬ್ಯಾಡ' ಅನ್ನಲಿಲ್ಲ. ಅಂಥವಳಿಗೆ ಲೆಜರು ಬರೆ ಅಂತ ಯಾವ ಬಾಯಿಂದ ಹೇಳಲಿ?

ಮೈಸೂರಿನ ಆಸೆ ಅವಳಿಗಿತ್ತು. ಅಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಕಟ್ಟಿದವರು ಡಾ. ಎಂ.ವಿ. ಗೋಪಾಲಸ್ವಾಮಿ. ಮಕ್ಕಳೇ, 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಶುರುಮಾಡಿದವರೂ ಅವರೇ. 'ಆಕಾಶವಾಣಿ' ಎಂಬ ಹೆಸರು ಬಳಕೆಗೆ ಬಂದದ್ದು ಆ ಕೇಂದ್ರದಿಂದ. ಆದರೆ ಮೈಸೂರು ದೂರ. ಧಾರವಾಡದಲ್ಲಿ 1917ರ ಕರ್ನಾಟಕ ಕಾಲೇಜಿದೆ, ಎಂಎಗೆ ವಿಶ್ವವಿದ್ಯಾಲಯವಿದೆ, ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯೂ ಇದೆ. ಬಿಎಯಲ್ಲಿ ಮನಃಶಾಸ್ತ್ರ ಒಂದು ವಿಷಯ ಅಷ್ಟೇ ಆದರೂ ಬುನಾದಿಗೆ ಅದು ಸಾಕಲ್ಲವೇ?

ಮಾತು ಅಲ್ಲಿಗೇ ಬಿಟ್ಟು ಮಲಪ್ರಭೆ ಹುಟ್ಟುವ ಜಾಗಕ್ಕೆ ಹೋದೆವು. ಕಲ್ಲು ಕಟ್ಟಿದ ಪುಟ್ಟ ಕುಂಡ. ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ನವಿಲುತೀರ್ಥದ ಅಣೆಕಟ್ಟು, ಪಟ್ಟದಕಲ್ಲು, ಐಹೊಳೆ, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆ, ಒಟ್ಟು 300 ಕಿಲೋಮೀಟರಿನಷ್ಟು ಎಂದೆ. ಹುಬ್ಬಳ್ಳಿ-ಧಾರವಾಡದ ನಲ್ಲಿಗೂ ಇದೇ ನೀರು.

"ಅಂದ್ರ ಧಾರವಾಡದಾಗೂ ನಮ್ಮೂರ ಕಡೆ ನೀರು ಕುಡಿತೀನಿ" ಎಂದು ನಕ್ಕಳು.

ಮಳೆ ಜೋರಾಯಿತು. ಒಡೆದ ಕಾಯಿಯನ್ನು ಅವಳೇ ಆ ಪುಸ್ತಿಕೆಯ ಹಾಳೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಸೋಮವಾರ ಧಾರವಾಡಕ್ಕೆ ಹೋಗುವವರಿದ್ದೇವೆ. ಪ್ರಶ್ನೆಗಳ ಪಟ್ಟಿ ನಾನು ಬರೆದಿದ್ದೇನೆ, ಕೇಳುವವಳು ಅವಳೇ.