ಕೆಂಗೇರಿ ಕೆರೆಯ ತಳದಲ್ಲಿ

ವಿಜಯನಗರದಲ್ಲಿ ಮೆಟ್ರೊ ಹತ್ತಿದರೆ ಕೆಂಗೇರಿಯಲ್ಲಿ ಇಳಿಯಬಹುದು. 2021ರಿಂದ ಈ ಅನುಕೂಲ. ಅಲ್ಲಿನ ಕೆರೆ ಏರಿಯ ಮೇಲೆ ನಿಂತಾಗಲೆಲ್ಲ ನನಗೆ ತಾತನ ತೋಟಾ ಕೋವಿ ನೆನಪಾಗುತ್ತದೆ.

ಅದು ಹನ್ನೆರಡರ ಕೋವಿ. ನಳಿಗೆಯ ಅಳತೆಯ 12 ಸೀಸದ ಗುಂಡು ಸೇರಿದರೆ ಒಂದು ಪೌಂಡು ತೂಕ. ಬಾತು, ಪಾರಿವಾಳಕ್ಕೆ ತಾತ ಆರನೇ ನಂಬರಿನ ಚರೆ ಆರಿಸುತ್ತಿದ್ದರು. ನಂಬರು ಹೆಚ್ಚಿದಷ್ಟೂ ಚರೆ ಸಣ್ಣದು. ಮದ್ದಿಗೂ ಚರೆಗೂ ನಡುವೆ ಉಣ್ಣೆಯ ದಪ್ಪ ಬಿಲ್ಲೆ. ಅದು ಸಡಿಲವಾದರೆ ಮದ್ದಿನ ಅನಿಲ ನುಗ್ಗಿ ಚರೆ ಚೆದರುತ್ತದೆ. ಹಕ್ಕಿ ಸಾಯದೆ ಜೊಂಡಿನಲ್ಲಿ ಬಿದ್ದು ನರಳುತ್ತದೆ. ‘ಬಿಲ್ಲೆ ನೋಡದೆ ತೋಟಾ ಕೊಂಡರೆ ಪಾಪ ನಿನಗೇ’ ಎನ್ನುತ್ತಿದ್ದರು.

ತಾತ ನೋಡದೇ ಹೋದದ್ದು ಒಂದುಂಟು. ಗುರಿ ತಪ್ಪಿದ ಚರೆ ಕೆರೆಯ ತಳ ಸೇರುತ್ತದೆ. ಕಾಳು ಅರೆಯಲು ಹರಳು ನುಂಗುವ ಬಾತು ಸೀಸವನ್ನೂ ನುಂಗಿ, ವಿಷವೇರಿ ಸಾಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದರ 1991ರ ತಿದ್ದುಪಡಿ ಬೇಟೆಗೆ ಬೀಗ ಹಾಕಿದವು. ಬಿದ್ದ ಸೀಸಕ್ಕೆ ಬೀಗವೆಲ್ಲಿ?

ಮೊನ್ನೆ ಶಾಲೆಯ ಮಕ್ಕಳನ್ನು ಕರೆದೊಯ್ದಿದ್ದೆ. ಒಬ್ಬಳು ಕೇಳಿದಳು: ‘ಸಾರ್, ನಿಮ್ಮ ತಾತ ಹೊಡೆದ ಚರೆ ಇನ್ನೂ ಇಲ್ಲೇ ಇರುತ್ತಾ?’

‘ಇರುತ್ತಮ್ಮ’ ಎಂದೆ. ಬೇರೇನು ಹೇಳಲಿ?